ಲಂಡನ್ನಿನ ಎಡಚ, ಲಂಡನ್ನಿನ ಕೆಂಚ

ಎಡಚ ಸೋತರೆ ಹಂಪಮ್ಮನ ಮದುವೆ ಕಂಪ್ಲಿಯಲ್ಲಿ. ಕೆಂಚ ಸೋತರೆ ಹೊಸಪೇಟೆಯಲ್ಲಿ. ಆ ಇಬ್ಬರು ಬಿಳಿಯರನ್ನು ಹಂಪಮ್ಮ ಕಂಡವಳಲ್ಲ. ಅವರಿಗೂ ಇವಳ ಸುದ್ದಿ ಗೊತ್ತಿರಲಿಲ್ಲ. ಆದರೂ ಮದರಾಸಿನ ಪತ್ರಿಕೆ ಹೊತ್ತ ರೈಲು ಕೂಗಿದ್ದೇ ತಡ, ಅವಳ ಕೈಯ ಮೊರದಿಂದ ಅಕ್ಕಿ ಚೆಲ್ಲಿತು.

ಜಗಳ ಹುಟ್ಟಿದ್ದು ಚಪ್ಪರದ ಮಾತಿಗೆ. ಹೊಸಪೇಟೆಯಲ್ಲಿ ಅಕ್ಕಿ ಗಿರಣಿ ನಡೆಸುತ್ತಿದ್ದ ಅವಳ ಅಪ್ಪ ಅಂದಾನಪ್ಪ, ಚಪ್ಪರ ತನ್ನ ಅಂಗಳದಲ್ಲೇ ಏಳಬೇಕೆಂದ. ಗಂಡಿನ ಅಪ್ಪ ಕಂಪ್ಲಿಯ ಚನ್ನಯ್ಯ, ಅಂದಾನಪ್ಪನ ಅಕ್ಕನ ಗಂಡ. ಅವನು ಗಂಡಿನ ಮನೆಯ ಮುಂದೆಯೇ ಎಂದ. ಮಾತಿಗೆ ಮಾತು ಬೆಳೆದು, ‘ಬ್ಯಾರೆ ಗಂಡು ನೋಡ್ತೀನಿ’ ಎಂದು ಅಂದಾನಪ್ಪ ಅಂದೇಬಿಟ್ಟ. ನ್ಯಾಯ ಹೇಳಲು ಇಬ್ಬರಿಗೂ ನೆಂಟನಲ್ಲದ ಮನುಷ್ಯ ಬೇಕಿತ್ತು. ಕಂಪ್ಲಿಯಿಂದ ಸಂಡೂರಿನವರೆಗೆ ಹುಡುಕಿದರೂ ಅಂಥವನು ಸಿಗಲಿಲ್ಲ. ಸಿಕ್ಕವರೆಲ್ಲ ಯಾರದೋ ಷಡ್ಡಕ, ಯಾರದೋ ಬೀಗ.

ಕೊನೆಗೆ ಮದುಮಗ ಮರಿಸ್ವಾಮಿಯೇ ದಾರಿ ತೋರಿದ. ಬಳ್ಳಾರಿಯ ಹಾಸ್ಟೆಲಿನಲ್ಲಿದ್ದು ಓದಿದವನು. ಎರಡು ಮನೆಗೂ ಇಂಗ್ಲಿಷ್ ಬಲ್ಲವನು ಅವನೊಬ್ಬನೇ.

‘ಲಂಡನ್ನಿನಾಗ ವಿಂಬಲ್ಡನ್ ಅಂತ ಟೆನಿಸ್ ನಡದೈತಿ. ಅಲ್ಲಿ ಇಬ್ಬರು ಭಾರೀ ಆಟಗಾರರು ಅದಾರ. ಒಬ್ಬ ಎಡಚ, ಒಬ್ಬ ಕೆಂಚುಗೂದಲಿನಾಂವ. ನೀವು ಒಬ್ಬೊಬ್ಬರು ಒಬ್ಬೊಬ್ಬನ್ನ ಹಿಡೀರಿ. ಅವರು ಯಾರಿಗೂ ನೆಂಟರಲ್ಲ.’

ಕಡೆಯ ಮಾತು ಇಬ್ಬರಿಗೂ ಹಿಡಿಸಿತು. ಟೆನಿಸ್ ಅವರಿಗೆ ಹೊಸದೂ ಅಲ್ಲ. ಸ್ಟೇಷನ್ ಹಿಂದೆ ದೊರೆಗಳು ಬಲೆ ಕಟ್ಟಿ ಆಡುವುದನ್ನು ಬೇಲಿಯಾಚೆ ನಿಂತು ನೋಡಿದ್ದರು: ಆ ಕಡೆ ಒಬ್ಬ, ಈ ಕಡೆ ಒಬ್ಬ. ಊರಿಗೆ ಇದ್ದ ದೊರೆಗಳೇ ಇಬ್ಬರು. ಅಂದಾನಪ್ಪ ಎಡಚನನ್ನು ಹಿಡಿದ, ಚನ್ನಯ್ಯ ಕೆಂಚನನ್ನು. ಯಾರ ಆಳು ಗೆದ್ದರೆ ಅವರ ಮಾತು ನಡೆಯಬೇಕು.

ಊರಿಗೆ ಹುಚ್ಚು ಹಿಡಿಯಿತು. ಪತ್ರಿಕೆ ಬಂದಾಗಲೆಲ್ಲ ಎಡಚ ಗೆದ್ದಿರುತ್ತಿದ್ದ, ಕೆಂಚನೂ ಗೆದ್ದಿರುತ್ತಿದ್ದ. ಗಿರಣಿಯ ಹಮಾಲರು ಎಡಗೈಯಲ್ಲಿ ಉಣ್ಣಲು ಹೋಗಿ ಹೆಂಡಿರಿಂದ ಬೈಸಿಕೊಂಡರು. ಕಂಪ್ಲಿಯಲ್ಲಿ ಕೆಂಚನ ಹೆಸರಿನಲ್ಲಿ ಕಾಯಿ ಒಡೆಸಿದರು. ಗೋತ್ರ ಯಾವುದೆಂದು ಪೂಜಾರಿ ಕೇಳಿದಾಗ ‘ಲಂಡನ್’ ಅಂದರು.

‘ಇವರು ಎದುರಾಬದುರಾ ಆಗೋದು ಯಾವಾಗಲೇ?’ ಎಂದು ಅಂದಾನಪ್ಪ ದಿನವೂ ಕೇಳುತ್ತಿದ್ದ.

‘ಕೊನೇ ದಿನ ಇಬ್ಬರೂ ಒಂದೇ ಅಂಗಳದಾಗ ಇರ್ತಾರ, ಮಾವಾ,’ ಎನ್ನುತ್ತಿದ್ದ ಮರಿಸ್ವಾಮಿ.

ಆ ಕೊನೆಯ ದಿನದ ಪತ್ರಿಕೆ ಇವತ್ತು ಬರುವುದಿತ್ತು. ಚನ್ನಯ್ಯ ಅಂದಾನಪ್ಪನ ಮನೆಯ ನೀರೂ ಬೇಡವೆಂದು ತನ್ನ ಊರವರನ್ನು ಕಟ್ಟಿಕೊಂಡು ಸ್ಟೇಷನ್ ಎದುರಿನ ಛತ್ರದಲ್ಲಿ ಇಳಿದಿದ್ದ.

ಮರಿಸ್ವಾಮಿ ಛತ್ರದ ಕಡೆಯಿಂದ ಓಡುತ್ತ ಗಿರಣಿಯ ಅಂಗಳಕ್ಕೆ ಬಂದ. ಪತ್ರಿಕೆ ಕಂಕುಳಲ್ಲಿತ್ತು.

‘ಮಾವಾ, ಎಡಚ ಗೆದ್ದ!’

ಅಂದಾನಪ್ಪ ರುಮಾಲು ಮೇಲಕ್ಕೆಸೆದ. ಅದು ಗಿರಣಿಯ ತಗಡಿನ ಮೇಲೆ ಹೋಗಿ ಕೂತಿತು. ಬೋಳುದಲೆಯಲ್ಲೇ ಕುಣಿದ. ಮರಿಸ್ವಾಮಿ ಅವನ ಕಿವಿಯ ಬಳಿ ಬಗ್ಗಿದ.

‘ಗೆದ್ದವರು ದೊಡ್ಡ ಮನಸು ಮಾಡಬೇಕು, ಮಾವಾ. ಹಂಪಿ ಎರಡೂ ಊರಿನ ನಡುವ ಐತಿ.’

ಗೆದ್ದ ಅಂದಾನಪ್ಪನಿಗೆ ಸೋತವನ ಮೇಲೆ ಕರುಣೆ ಉಕ್ಕಿ ಬಂತು. ಹಮಾಲರೆಲ್ಲರಿಗೆ ಕೇಳುವಂತೆ ಕೂಗಿದ: ‘ಪಾಪ, ನಮ್ಮ ಭಾವನ ಮಾರಿ ಸಣ್ಣದಾಗೋದು ಬ್ಯಾಡ. ಮದುವಿ ಹಂಪ್ಯಾಗ, ವಿರೂಪಾಕ್ಷನ ಮುಂದ! ಮಾತು ಕೊಟ್ಟೀನಿ. ತಪ್ಪಿದ್ರ ನನ್ನ ಅಂದಾನಪ್ಪ ಅನಬ್ಯಾಡ್ರಿ!’

ಹಂಪಮ್ಮನಿಗೆ ಹೋದ ಜೀವ ಬಂತು. ಅಷ್ಟರಲ್ಲಿ ಬೀದಿಯಲ್ಲಿ ಹಲಗೆ ಬಾರಿಸುವ ಸದ್ದು. ಕೊರಳಲ್ಲಿ ಹಾರ, ಹಿಂದೆ ಅರ್ಧ ಕಂಪ್ಲಿ. ಚನ್ನಯ್ಯ ಕುಣಿಯುತ್ತ ಬಂದ.

‘ಕೆಂಚ ಗೆದ್ದ! ಅಂದಾನಪ್ಪಾ, ಅಳಬ್ಯಾಡೋ! ಗೆದ್ದರೂ ನಾ ಹಟ ಮಾಡಂಗಿಲ್ಲ. ಮದುವಿ ಹಂಪ್ಯಾಗ! ಹಾದಿ ತುಂಬ ಸಾರಿಕೋತ ಬಂದೀನಿ!’

ಹಲಗೆಯ ಗದ್ದಲದಲ್ಲಿ ಅಂದಾನಪ್ಪನಿಗೆ ಕೇಳಿಸಿದ್ದು ಹಂಪಿಯ ಮಾತೊಂದೇ. ಹಂಪಮ್ಮನಿಗೆ ಬಂದ ಜೀವ ಮತ್ತೆ ಹೋಯಿತು. ಅವಳು ಮರಿಸ್ವಾಮಿಯನ್ನು ಕಂಬದ ಮರೆಗೆ ಎಳೆದು ತೋಳು ಚಿವುಟಿದಳು.

‘ಭಾವ, ಯಾರಿಗೆ ಸುಳ್ಳು ಹೇಳೀರಿ?’

‘ಯಾರಿಗೂ ಇಲ್ಲ.’

‘ಇಬ್ಬರಿಗೂ ಗೆದ್ದೀರಿ ಅಂದೀರಿ! ಸ್ಟೇಷನ್ ಮಾಸ್ತರಿಗೂ ಇಂಗ್ಲಿಷ್ ಬರ್ತೈತಿ. ಸಂಜಿಗೆ ಗೊತ್ತಾತು ಅಂದ್ರ ನಮ್ಮ ಮದುವೀನ ಮುರೀತೈತಿ.’

‘ಮಾಸ್ತರನ್ನ ಕರಸು. ಅವರೂ ಹಿಂಗ ಓದ್ತಾರ.’

ಅವನು ನಗುತ್ತಿದ್ದ. ಅವಳು ಇನ್ನೊಮ್ಮೆ ಚಿವುಟಿದಳು, ಈ ಸಲ ಸರಿಯಾಗಿ.

ಅಂಗಳದಲ್ಲಿ ಇಬ್ಬರು ಗೆದ್ದವರು ಒಬ್ಬರನ್ನೊಬ್ಬರು ಅಪ್ಪಿಕೊಂಡು, ಒಬ್ಬರಿಗೊಬ್ಬರು ಸಮಾಧಾನ ಹೇಳುತ್ತ ಬೆನ್ನು ತಟ್ಟುತ್ತಿದ್ದರು. ತಟ್ಟುವ ಕೈಗಳು ಮೆಲ್ಲಗೆ ನಿಂತವು.

‘ನೀವ್ಯಾಕ ನನಗ ಸಮಾಧಾನ ಹೇಳ್ತೀರಿ, ಭಾವ? ಸೋತವರು ನೀವು.’

‘ನಾನಾ? ನಿನ್ನ ಎಡಚ ಮಣ್ಣು ಮುಕ್ಕ್ಯಾನ!’

ಇಬ್ಬರೂ ಒಟ್ಟಿಗೆ ಬಂದು ಮರಿಸ್ವಾಮಿಯ ಅಂಗಿ ಹಿಡಿದರು. ಹಲಗೆ ನಿಂತಿತು.

‘ಎಡಚನೂ ಗೆದ್ದ, ಕೆಂಚನೂ ಗೆದ್ದ ಅಂದ್ರ ಸೋತಾಂವ ಯಾರಲೇ?’ ಎಂದ ಅಂದಾನಪ್ಪ.

‘ಬಲೆಯ ಆ ಕಡಿ ಬ್ಯಾರೆ ಇಬ್ಬರು ಇದ್ದರು, ಮಾವಾ. ಅದು ಜೋಡಿ ಆಟ. ಎಡಚ, ಕೆಂಚ ಮೊದಲನೇ ದಿನದಿಂದ ಒಂದೇ ಜೋಡಿ.’