ನೇರಪ್ರಸಾರದಲ್ಲಿ ಒಬ್ಬ ಗಂಡ

ರೇಡಿಯೊದಲ್ಲಿ ಬೆಳಬೆಳಗ್ಗೆ ಪೋಲಿ ಜೋಕು ಹೇಳಿಯೇ ಹೆಸರು ಮಾಡಿದವನು ಅವನು. ಇವತ್ತು ಪಕ್ಕದಲ್ಲಿ ಕೂತ ಅತಿಥಿ, ಮೇಜಿನ ಮರೆಯಲ್ಲಿ ಅವನ ಪಕ್ಕೆಗೆ ಚಾಕು ಒತ್ತಿ ಹಿಡಿದಿದ್ದ.

“ನಿನ್ನ ಮಾತು ಕೇಳಿ ಕೇಳಿ ನನ್ನ ಹೆಂಡ್ತಿ ಕೆಟ್ಟಳು. ಹಾಡು ಮುಗಿದ ಕೂಡ್ಲೆ ಕೊನೇ ಜೋಕು ಹೇಳು.”

ಹಾಡು ಮುಗಿಯಿತು. ಅವನು ಮೈಕಿನತ್ತ ಬಾಗಿದ.

“ಕೇಳುಗರೇ, ಯಾರದೋ ಗಂಡ ನನಗೆ ಚಾಕು ಹಿಡಿದಿದ್ದಾನೆ. ಅಮ್ಮನಾಣೆ, ಜೋಕಲ್ಲ! ಪೊಲೀಸರನ್ನ ಕರೀರಿ!”

ಚಾಕು ಇನ್ನಷ್ಟು ಒತ್ತಿತು. ಗಾಜಿನಾಚೆ ಪ್ರೊಡ್ಯೂಸರ್ ಬಿದ್ದು ಬಿದ್ದು ನಗುತ್ತಾ ಹೆಬ್ಬೆರಳೆತ್ತಿದ. ಅಷ್ಟರಲ್ಲಿ ಬಂದ ಫೋನಿನಲ್ಲಿ ಒಬ್ಬ ಹೆಂಗಸು ಮಾತೇ ಹೊರಡದಷ್ಟು ನಗುತ್ತಿದ್ದಳು.

“ಅಯ್ಯೋ ಸಾರ್, ಆ ಗಂಡ ಆಮೇಲೇನ್ ಮಾಡ್ದ, ಹೇಳಿ!”

ಚಾಕು ಸಡಿಲಾಯಿತು.

“ಇದು ನನ್ನ ಹೆಂಡ್ತಿ ದನಿ,” ಎಂದ ಅತಿಥಿ. “ನನ್ನೆದುರು ಒಂದಿನಾನೂ ಹೀಗೆ ನಕ್ಕಿಲ್ಲ. ನಿಲ್ಲಿಸ್ಬೇಡ, ಇನ್ನೊಂದು ಹೇಳು.”