ಸರಪಳಿಯ ತುದಿ

ಲಂಗರಿನ ಸರಪಳಿ ಗಡಗಡನೆ ಇಳಿಯಿತು, ಇಳಿಯುತ್ತಲೇ ಹೋಯಿತು. ಕೊನೆಗೆ ಅದರ ಬಾಲವೂ ಹಾಯಿದೋಣಿಯಿಂದ ಜಾರಿ ಸಮುದ್ರಕ್ಕೆ ಬಿತ್ತು. ಬೆಳಿಗ್ಗೆ ತೊಳೆಯಲೆಂದು ಬಿಚ್ಚಿದ ತುದಿಯನ್ನು ಸ್ಟಮಾಟಿಸ್ ಮತ್ತೆ ದೋಣಿಗೆ ಕಟ್ಟಿರಲಿಲ್ಲ.

ಚುಕ್ಕಾಣಿ ಹಿಡಿದಿದ್ದ ಹೆಂಡತಿ ಕಲಿರೋಯಿ ಅದನ್ನು ನೋಡಿದಳು; ಲಂಗರು ಬಿಟ್ಟು ಆಗಲೇ ಬೆನ್ನು ತಿರುಗಿಸಿದ್ದ ಅವನು ನೋಡಲಿಲ್ಲ. ಅವನ ಮರೆವಿಗೆ ಹೆದರಿ ಮಗಳು ದೋಣಿ ಮಾರಲು ಹೊರಟಿದ್ದಳು. ಇದೊಂದು ರಾತ್ರಿ ಅಪ್ಪ ಸರಿಯಾಗಿ ಲಂಗರು ಹಾಕಿದರೆ ಆ ಮಾತು ಎತ್ತುವುದಿಲ್ಲ ಎಂದಿದ್ದಳು.

"ಹೆಂಗೆ, ಇನ್ನೂ ಮುದುಕ ಅಂತೀಯಾ?" ಸ್ಟಮಾಟಿಸ್ ಕೈ ಒರೆಸಿಕೊಳ್ಳುತ್ತ ಬಂದ. "ದಡದ ಮೇಲಿನ ಆ ಬಿಳಿ ಚರ್ಚ್ ನೋಡ್ತಾ ಇರು. ಅದು ಅಲ್ಲಾಡದಿದ್ರೆ ನಾವೂ ಅಲ್ಲಾಡಿಲ್ಲ ಅಂತ."

ಚರ್ಚ್ ಮೆಲ್ಲಗೆ ಸರಿಯುತ್ತಿತ್ತು. ಅವನು ಬಹಳ ಹೊತ್ತು ಅದನ್ನೇ ನೋಡಿದ. ಒರೆಸುತ್ತಿದ್ದ ಕೈ ನಿಂತಿತು.

"ಗಟ್ಟಿಯಾಗಿ ನಿಂತಿದೆ ಅಂತ ಹೇಳು, ಕಲಿರೋಯಿ."

ಚರ್ಚ್ ಅಲ್ಲಾಡದ ಹಾಗೆ ದೋಣಿಯನ್ನು ಅಲ್ಲೇ ಹಿಡಿದು ನಿಲ್ಲಿಸಲು ಅವಳು ಎಂಜಿನ್ ಚಾಲು ಮಾಡಿದಳು.