ಜೋಡಿ ತಪ್ಪಿದ ಕಾಲುಚೀಲ

“ಒಗೆದು ಒಣಹಾಕಿದ್ದೆ ಸಿಸ್ಟರ್. ಜೋಡೀಲಿ ಒಂದಿದೆ, ಇನ್ನೊಂದು ಮಂಗಮಾಯ!” ಎಂದಳು ದರ್ಜಿಯ ಹೆಂಡತಿ. ಅವಳ ಕಾಲಿನ ಹುಣ್ಣಿಗೆ ಪಟ್ಟಿ ಬದಲಿಸಲು ವಾರಕ್ಕೊಮ್ಮೆ ಮನೆಗೆ ಬರುವ ನರ್ಸ್, ಎರಡೂ ಕಾಲುಗಳನ್ನು ದಿಂಬಿನ ಮೇಲೆ ಎತ್ತಿಟ್ಟು ನೋಡಿದಳು. ಬಿಗಿ ಕಾಲುಚೀಲ ತೊಟ್ಟಿದ್ದ ಎಡಗಾಲಿನ ಊತ ಇಳಿದಿತ್ತು, ಹುಣ್ಣೂ ಮುಚ್ಚಿಕೊಳ್ಳುತ್ತಿತ್ತು. ಬರಿದಾಗಿದ್ದ ಬಲಗಾಲು ಮಾತ್ರ ಮತ್ತೆ ದಪ್ಪಗಾಗಿತ್ತು.

“ಗಾಳಿಗೆ ಹಾರಿ ನಾಲ್ಕು ದಿನ ಆಯ್ತು,” ಎಂದ ದರ್ಜಿ ಹೊಲಿಗೆ ಯಂತ್ರದ ಹಿಂದಿನಿಂದ. ಅವನನ್ನು ಯಾರೂ ಕೇಳಿರಲಿಲ್ಲ.

ನರ್ಸ್ ಓರೆಗಣ್ಣಿನಿಂದ ನೋಡಿದಳು. ಮೂವತ್ತು ವರ್ಷ ಬಲಗಾಲಿನಲ್ಲಿ ಯಂತ್ರ ತುಳಿದ ಮನುಷ್ಯ ಇವತ್ತು ಎಡಗಾಲಿನಲ್ಲಿ ತುಳಿಯುತ್ತಿದ್ದ. ಬಲಗಾಲಿನ ಪ್ಯಾಂಟು ಹಿಮ್ಮಡಿಯವರೆಗೂ ಇಳಿದಿತ್ತು. ಕೇಳಿದರೆ ಬಾಯಿ ಬಿಡುವ ಆಸಾಮಿ ಅವನಲ್ಲ.

“ಹಾರಿ ಹೋಗಿದ್ರೆ ಪರವಾಗಿಲ್ಲ ಅಮ್ಮ,” ಎಂದಳು ಅವಳು, ಗೋಡೆಗೂ ಕೇಳುವಷ್ಟು ಜೋರಾಗಿ. “ಯಾರಾದ್ರೂ ಹಾಕ್ಕೊಂಡಿದ್ರೆ ಕಷ್ಟ. ಅದಕ್ಕೆ ಔಷಧಿ ಸವರಿರ್ತಾರೆ. ನಿಮಗಾದ್ರೆ ಗುಣ. ಬೇರೆಯವರು ಹಾಕ್ಕೊಂಡ್ರೆ ಮೊಣಕಾಲಿನ ಕೆಳಗೆ ಒಂದು ಕೂದಲೂ ಉಳಿಯಲ್ಲ. ಆಮೇಲೆ ಮೀಸೇದೂ ಹೋಗುತ್ತಂತೆ.”

ಯಂತ್ರ ನಿಂತಿತು. ದರ್ಜಿ ಬಗ್ಗಿ, ಬಿದ್ದ ಸೂಜಿ ಹುಡುಕುವವನಂತೆ ಮೇಜಿನ ಕೆಳಗೆ ತಲೆ ಹಾಕಿದ. ಎದ್ದಾಗ ಮುಖ ಸಪ್ಪಗಾಗಿತ್ತು, ಕೈ ಮೀಸೆಯ ಮೇಲಿತ್ತು.

“ಸಿಸ್ಟರ್… ಮತ್ತೆ ಬೆಳೆಯುತ್ತಾ?”

“ರೀ!” ಎಂದು ಹೆಂಡತಿ ಕೂಗಿದಳು. “ಹಾಸಿಗೆ ಕೆಳಗೆಲ್ಲ ಹುಡುಕಿಸಿ, ಪಕ್ಕದ ಮನೆಯವಳನ್ನ ಕಳ್ಳಿ ಅನ್ನೋ ಹಾಗೆ ಮಾಡಿದ್ರಲ್ಲ! ನಾಚಿಕೆ ಆಗಲ್ವಾ?”

“ಕಾಲು ಸೆಳೀತಿತ್ತು ಕಣೆ. ನಿನಗೆ ಗುಣ ಆಗ್ತಿತ್ತಲ್ಲ, ನನಗೂ ಆಗಲಿ ಅಂತ…”

ಪ್ಯಾಂಟು ಮೇಲೇರಿತು. ಕಾಲುಚೀಲ ಅಲ್ಲಿತ್ತು. ತನ್ನ ಬಡಕಲು ಕಾಲಿಗೆ ಸಡಿಲವಾಯಿತೆಂದು ಒಳಗಿನಿಂದ ಇನ್ನೊಂದು ಹೊಲಿಗೆ ಹಾಕಿ ಮತ್ತಷ್ಟು ಬಿಗಿ ಮಾಡಿಕೊಂಡಿದ್ದ. ನಗುತ್ತಲೇ ಅದನ್ನು ಬಿಡಿಸತೊಡಗಿದ ನರ್ಸ್, ಪಾದ ಹೊರಬಂದಾಗ ನಗು ನಿಲ್ಲಿಸಿದಳು. ಕಾಲು ನುಣ್ಣಗೆ ಹೊಳೆಯುತ್ತಿತ್ತು, ತಣ್ಣಗಿತ್ತು. ಹೊಲಿಗೆಯ ಗುರುತು ಚರ್ಮದಲ್ಲಿ ಇಳಿದಿತ್ತು. ಹೆಬ್ಬೆರಳಿನ ತುದಿ ಕಪ್ಪಾಗತೊಡಗಿತ್ತು. ಅವಳು ಪಾದದ ಮೇಲೆ ಎರಡು ಬೆರಳಿಟ್ಟು ನಾಡಿ ಹುಡುಕಿದಳು. ಜಾಗ ಬದಲಿಸಿ ಮತ್ತೆ ಹುಡುಕಿದಳು. ಸಿಗಲಿಲ್ಲ. ಅವಳಿಗೆ ನಿಜವಾಗಿಯೂ ಹೆದರಿಕೆಯಾಯಿತು.

“ಕೂದಲಿನ ಮಾತು ಸುಳ್ಳು ಯಜಮಾನ್ರೇ. ಅದು ಕಾಲುಚೀಲದಿಂದ ಉದುರಿದ್ದಲ್ಲ. ರಕ್ತ ಸಾಲದೆ ಎಷ್ಟೋ ದಿನದಿಂದ ಉದುರ್ತಾ ಬಂದಿದೆ.”

“ಪ್ಯಾಂಟಿನ ಬಟ್ಟೆ ಉಜ್ಜಿ ಹೋಯ್ತು ಅಂದ್ಕೊಂಡಿದ್ದೆ.”

“ಅಮ್ಮನ ಕಾಲಲ್ಲಿ ಇಳಿದ ರಕ್ತ ಮೇಲೆ ಹತ್ತಲ್ಲ, ಅದಕ್ಕೆ ಬಿಗಿ ಬೇಕು. ನಿಮ್ಮ ಕಾಲಿಗೆ ಇಳಿಯೋದೇ ಕಷ್ಟ. ಬರೋ ನಾಲ್ಕು ಹನಿಗೂ ನೀವು ಬಾಗಿಲು ಹಾಕಿ ಚಿಲಕ ಜಡಿದ್ರಿ. ಸಿಗರೇಟು ಇದೆಯಾ?”

“ಬಿಟ್ಟೆ.”

“ಯಾವಾಗ?”

“ನೀವು ಗೇಟು ತೆಗೆದಾಗ.”

ನರ್ಸ್ ಆಗಲೇ ಆಸ್ಪತ್ರೆಗೆ ಫೋನು ಹಚ್ಚಿದ್ದಳು. ಬೆರಳು ಉಳಿಯುತ್ತದೆಯೇ ಎಂದು ದರ್ಜಿ ಕೇಳಿದ. ಈಗಲೇ ಹೊರಟರೆ ಉಳಿಯಬಹುದು, ನಾಳೆ ಎಂದರೆ ಪಾದದ ಬಗ್ಗೆಯೂ ಹೇಳಲಾರೆ ಎಂದಳು. ಹೆಂಡತಿಯ ಬೈಗುಳ ಅಲ್ಲಿಗೇ ನಿಂತುಹೋಯಿತು. ಅವಳು ಬಿಸಿನೀರಿನ ಚೀಲ ತರಲು ಎದ್ದಳು. ನರ್ಸ್ ತಡೆದಳು.

“ಶಾಖ ಬೇಡ, ಸುಟ್ಟರೂ ಅವರಿಗೆ ಗೊತ್ತಾಗಲ್ಲ. ಅವರ ಕಾಲು ಕೆಳಗೆ ಇಳಿಬಿದ್ದಿರಲಿ. ನಿಮ್ಮದು ಮೇಲೇ ಇರಲಿ.”

ಟ್ಯಾಕ್ಸಿ ಬಂತು. ಬರಬೇಡವೆಂದರೂ ಹೆಂಡತಿ ಕೇಳಲಿಲ್ಲ. ಹಿಂದಿನ ಸೀಟಿನಲ್ಲಿ ಅಡ್ಡ ಕುಳಿತು, ತನ್ನ ಎರಡೂ ಕಾಲುಗಳನ್ನು ಎತ್ತಿ ಗಂಡನ ಎಡತೊಡೆಯ ಮೇಲೆ ಧೊಪ್ಪೆಂದು ಹಾಕಿದಳು. ಅವನ ಬಲಗಾಲು ಕೆಳಗೆ ಇಳಿಬಿದ್ದಿತ್ತು.

“ಬೀದಿಯವರು ನೋಡ್ತಾರೆ ಕಣೆ.”

“ನೋಡ್ಲಿ. ಕದ್ದೋರು ಹೊರಬೇಕು.”

ಮುಂದಿನ ಸೀಟಿನಲ್ಲಿದ್ದ ನರ್ಸ್ ಸ್ವಲ್ಪ ದೂರ ಹೋದ ಮೇಲೆ ಹಿಂತಿರುಗಿ ನೋಡಿದಳು. ದರ್ಜಿ ಹೆಂಡತಿಯ ಪಾದದ ಮೇಲೆ ಎರಡು ಬೆರಳಿಟ್ಟು, ಜಾಗ ಬದಲಿಸಿ ಬದಲಿಸಿ ಹುಡುಕುತ್ತಿದ್ದ.

“ಸಿಕ್ತಾ?” ಎಂದಳು ಹೆಂಡತಿ.

“ಸಿಕ್ತು. ಚೆನ್ನಾಗಿ ಹೊಡ್ಕೋತಿದೆ.”

ಅವಳು ಮುಖ ಕಿಟಕಿಯ ಕಡೆ ತಿರುಗಿಸಿ, ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಅದನ್ನೂ ಕದ್ದು ಒಳಗೊಂದು ಹೊಲಿಗೆ ಹಾಕ್ಕೊಂಡೀರ, ಹುಷಾರು!”